ಎಸೆನ್‌ಕುಲ್ ಸಾದಿಕೊವ್, ಬುಲಾಕ್ ಬೀದಿ, ನಲವತ್ತೆರಡು

ಹದಿನಾಲ್ಕನೇ ನಂಬರಿನ ಕೋಣೆಯಲ್ಲಿ ಕೂತು, ಇವತ್ತು ಯಾವ ವಾರ, ಇದು ಯಾವ ತಿಂಗಳು ಎಂದು ಬಂದವರನ್ನೆಲ್ಲ ಕೇಳುತ್ತಾ ಕೇಳುತ್ತಾ ತುರ್ಸುನಾಯ್‌ಗೆ ಎಷ್ಟೋ ಸಲ ತನಗೇ ವಾರ ಮರೆತುಹೋಗುತ್ತಿತ್ತು. ಗೋಡೆಗೆ ಕ್ಯಾಲೆಂಡರ್ ತೂಗುಹಾಕುವ ಹಾಗಿರಲಿಲ್ಲ. ಹಾಕಿದರೆ ಪರೀಕ್ಷೆಗೆ ಬಂದವರು ಅದನ್ನೇ ನೋಡಿ ಹೇಳಿಬಿಡುತ್ತಾರೆ. ಅದೇ ಕಾರಣಕ್ಕೆ ಗಡಿಯಾರವೂ ಇಲ್ಲ. ಒಂದು ಮೇಜು, ಎರಡು ಕುರ್ಚಿ, ಕಿಟಕಿಯಾಚೆ ಒಂದು ಪಾಪ್ಲರ್ ಮರ. ಮೇ ತಿಂಗಳಲ್ಲಿ ಆ ಮರದ ಹತ್ತಿ ಹಾರಿ ಬಂದು ಮೂಗಿಗೆ ಸೇರಿಕೊಂಡು ಸೀನು ಬರುವುದು ಬಿಟ್ಟರೆ ಅಲ್ಲಿ ಬೇರೆ ವಿಶೇಷವೇನೂ ನಡೆಯುತ್ತಿರಲಿಲ್ಲ.

ಕಿರ್ಗಿಜ್ ನಾಡಿನ ರಾಜಧಾನಿ ಬಿಷ್ಕೆಕ್‌ನ ಆ ಹೃದಯದ ಆಸ್ಪತ್ರೆಯಲ್ಲಿ ಎರಡು ವರ್ಷದಿಂದ ಒಂದು ಮಾತ್ರೆಯ ಪ್ರಯೋಗ ನಡೆಯುತ್ತಿತ್ತು. ಎದೆಬಡಿತ ತಾಳ ತಪ್ಪಿದವರಲ್ಲಿ ರಕ್ತ ಸಾಸಿವೆಗಿಂತ ಸಣ್ಣದಾಗಿ ಹೆಪ್ಪುಗಟ್ಟಿ, ಮಿದುಳಿಗೆ ಏರಿ, ಸದ್ದಿಲ್ಲದೆ ನೆನಪನ್ನು ತಿನ್ನುತ್ತದೆ ಎಂಬುದು ತಿಳಿದವರ ಗುಮಾನಿ. ರಕ್ತವನ್ನು ತೆಳ್ಳಗೆ ಮಾಡುವ ಮಾತ್ರೆ ಕೊಟ್ಟರೆ ಆ ಮರೆವಿನ ಕಾಯಿಲೆಯನ್ನು ತಡೆಯಬಹುದೇ ಎಂದು ನೋಡುವುದು ಪ್ರಯೋಗ. ಬಂದವರಲ್ಲಿ ಅರ್ಧ ಜನಕ್ಕೆ ಅಸಲಿ ಮಾತ್ರೆ, ಇನ್ನರ್ಧಕ್ಕೆ ನೋಡಲು ಥೇಟ್ ಹಾಗೇ ಇರುವ ಹುಸಿ ಮಾತ್ರೆ. ಯಾರಿಗೆ ಯಾವುದು ಹೋಗಿದೆಯೆಂದು ನುಂಗುವವರಿಗೂ ಗೊತ್ತಿಲ್ಲ, ಕೊಡುವ ತುರ್ಸುನಾಯ್‌ಗೂ ಗೊತ್ತಿಲ್ಲ, ದೊಡ್ಡ ಡಾಕ್ಟರಿಗೂ ಗೊತ್ತಿಲ್ಲ. ದೂರದ ದೇಶದ ಯಾವುದೋ ಯಂತ್ರಕ್ಕೆ ಗೊತ್ತು. ಅದು ಪ್ರಯೋಗ ಮುಗಿಯುವ ತನಕ ಬಾಯಿ ಬಿಡುವುದಿಲ್ಲ.

ತುರ್ಸುನಾಯ್‌ದು ನೆನಪಿನ ಪರೀಕ್ಷೆಯ ಕೆಲಸ. ಮೂವತ್ತು ಅಂಕ. ವಾರ, ತಿಂಗಳು ಹೇಳಬೇಕು. ನೂರರಿಂದ ಏಳೇಳು ಕಳೆಯುತ್ತಾ ಹೋಗಬೇಕು. ಗಡಿಯಾರದ ಚಿತ್ರ ಬರೆದು ಹತ್ತು ಗಂಟೆ ಹತ್ತು ನಿಮಿಷ ತೋರಿಸಬೇಕು. ಕೊನೆಗೆ, ಅವಳು ಓದಿ ಹೇಳುವ ಒಬ್ಬನ ಹೆಸರು ಮತ್ತು ವಿಳಾಸವನ್ನು ಕೇಳಿದ ಹಾಗೇ ತಿರುಗಿ ಹೇಳಬೇಕು, ಹತ್ತು ನಿಮಿಷ ಬಿಟ್ಟು ಮತ್ತೆ ಹೇಳಬೇಕು. ವಿಳಾಸಕ್ಕೇ ಹತ್ತು ಅಂಕ. ಎಲ್ಲ ಸೇರಿ ಇಪ್ಪತ್ತನಾಲ್ಕರ ಕೆಳಗೆ ಇಳಿದರೆ ಮರೆವು ಶುರುವಾಗಿದೆಯೆಂದು ಲೆಕ್ಕ. ಬಾಯಲ್ಲಿ ಹೇಳಿದ್ದಕ್ಕೆ ಮಾತ್ರ ಅಂಕ, ಸುಳಿವು ಕೊಡಬಾರದು, ತಲೆಯಾಡಿಸಬಾರದು, ಮುಖದಲ್ಲಿ ಮರುಕ ಕೂಡ ತೋರಿಸಬಾರದು. ನಲವತ್ತೊಂಬತ್ತು ವರ್ಷದ ಹೆಂಗಸು, ಗಂಡನಿಂದ ಬೇರೆಯಾದವಳು, ಬೆಳಿಗ್ಗೆಯಿಂದ ಹನ್ನೊಂದು ಜನರ ಮುಂದೆ ಕೂತು ಮುಖದಲ್ಲಿ ಏನನ್ನೂ ತೋರಿಸದೆ ಇರುವುದೆಂದರೆ ಸಂಜೆಯ ಹೊತ್ತಿಗೆ ದವಡೆ ನೋಯುತ್ತಿತ್ತು.

ಉಲ್ಕಾನ್ ಆಪಾ ನರಿನ್ ಕಡೆಯ ಹಳ್ಳಿಯವಳು. ಹಿರಿಯ ಹೆಂಗಸರನ್ನು ಅಲ್ಲಿ ಆಪಾ ಎನ್ನುತ್ತಾರೆ. ಅರವತ್ತೆರಡು ವರ್ಷ. ಮಗ ರಿಸ್ಬೆಕ್ ಕಾರಿನಲ್ಲಿ ಕರೆತರುತ್ತಿದ್ದ, ಸೊಸೆ ಮೀರಿಮ್ ಜೊತೆಗೆ ಬರುತ್ತಿದ್ದಳು. ಮೊದಲ ಸಲ ಬಂದಾಗ ಇಪ್ಪತ್ತೇಳು ಅಂಕ ತೆಗೆದು, "ಇದೇನಮ್ಮ, ಮಕ್ಕಳ ಆಟ ಆಡಿಸೋಕೆ ಇಷ್ಟು ದೂರ ಕರೆಸಿದ್ರಾ?" ಎಂದು ನಕ್ಕವಳು. ಚೀಲದಿಂದ ಒಣಮೊಸರಿನ ಉಂಡೆಗಳನ್ನು ತೆಗೆದು ಮೇಜಿನ ಮೇಲೆ ರಾಶಿ ಹಾಕಿದ್ದಳು. ಪ್ರಯೋಗಕ್ಕೆ ಬಂದವರಿಂದ ಏನೂ ತೆಗೆದುಕೊಳ್ಳಬಾರದೆಂಬ ನಿಯಮ ಗೋಡೆಯ ಮೇಲೇ ಅಂಟಿಸಿತ್ತು. ತುರ್ಸುನಾಯ್ ಒಂದು ಉಂಡೆ ಬಾಯಿಗೆ ಹಾಕಿಕೊಂಡು, ಆ ನಿಯಮದ ಕೆಳಗೇ ಕೂತು ಚೀಪಿದ್ದಳು.

ಆರು ತಿಂಗಳ ಮೇಲೆ, ಮೇ ತಿಂಗಳಲ್ಲಿ, ಆಪಾ ಮತ್ತೆ ಬಂದಳು. ಬಂದವರು ಹಳೆಯ ವಿಳಾಸ ಬಾಯಿಪಾಠ ಮಾಡಿರುತ್ತಾರೆಂದು ಈ ಸಲ ಬೇರೆ ಹಾಳೆ. ಅದರಲ್ಲಿ ಬೇರೆ ಮನುಷ್ಯ, ಬೇರೆ ಬೀದಿ.

ವಾರ ಸರಿ, ತಿಂಗಳು ಸರಿ. ಕಳೆಯುವ ಲೆಕ್ಕವನ್ನು ಕುರಿ ಎಣಿಸಿದಷ್ಟು ಸಲೀಸಾಗಿ ಮುಗಿಸಿದಳು. ಗಡಿಯಾರವನ್ನು ಎಷ್ಟು ದುಂಡಗೆ ಬರೆದಳೆಂದರೆ ತುರ್ಸುನಾಯ್‌ಗೂ ಅಷ್ಟು ದುಂಡಗೆ ಬರುತ್ತಿರಲಿಲ್ಲ.

"ಈಗ ಒಬ್ಬರ ಹೆಸರು, ವಿಳಾಸ ಹೇಳ್ತೀನಿ ಆಪಾ. ನಾನು ಹೇಳಿದ ಹಾಗೇ, ಹೆಸರಿಂದ ಶುರು ಮಾಡಿ ಹೇಳಿ. ಎಸೆನ್‌ಕುಲ್ ಸಾದಿಕೊವ್, ಬುಲಾಕ್ ಬೀದಿ, ನಲವತ್ತೆರಡು, ತಲಾಸ್."

ಆಪಾ ತುಟಿ ಪಿಟಕ್ಕೆನ್ನಲಿಲ್ಲ. ಕಣ್ಣು ನೆಲಕ್ಕೆ ಇಳಿಯಿತು.

ಕೇಳಿಸಲಿಲ್ಲವೇನೋ ಎಂದು ತುರ್ಸುನಾಯ್ ಇನ್ನಷ್ಟು ಜೋರಾಗಿ ಹೇಳಿದಳು. ಮೂರು ಸಲ ಹೇಳಲು ಅವಕಾಶವಿತ್ತು. ಮೂರನೆಯ ಸಲ ಹಜಾರದ ಆ ತುದಿಗೂ ಕೇಳುವ ಹಾಗೆ "ಎಸೆನ್‌ಕುಲ್!" ಎಂದು ಕೂಗಿದಳು. ಆಪಾ ತಲೆಗೆ ಕಟ್ಟಿದ್ದ ವಸ್ತ್ರದ ಅಂಚನ್ನು ಎಳೆದು ಬಾಯಿ ಮುಚ್ಚಿಕೊಂಡಳು. ಕಿವಿಯ ತನಕ ಕೆಂಪಾಗಿದ್ದಳು. ಹತ್ತು ನಿಮಿಷ ಬಿಟ್ಟು ಕೇಳಿದಾಗಲೂ ಅಷ್ಟೇ. "ಅದು... ನಮ್ಮ ದೊಡ್ಡ ಮನೆಯವರು..." ಎಂದು ಏನೋ ಗೊಣಗಿ ಸುಮ್ಮನಾದಳು.

ಹತ್ತಕ್ಕೆ ಸೊನ್ನೆ. ಒಟ್ಟು ಹದಿನೆಂಟು.

ತುರ್ಸುನಾಯ್ ಅಂಕಗಳನ್ನು ಎರಡು ಸಲ ಕೂಡಿ ನೋಡಿದಳು. ಆರು ತಿಂಗಳಲ್ಲಿ ಒಂಬತ್ತು ಅಂಕ ಇಳಿಯುವುದೆಂದರೆ ಏನು ಎಂದು ಅವಳಿಗೆ ಗೊತ್ತಿತ್ತು. ಗೊತ್ತಾಗಿ ಗೊತ್ತಾಗಿಯೇ ಅವಳು ಸುಸ್ತಾಗಿದ್ದಳು. ದೊಡ್ಡ ಡಾಕ್ಟರ್ ಎಮಿಲ್ ಒರ್ಮೊನೊವಿಚ್ ಹಾಳೆ ನೋಡಿ ಕನ್ನಡಕ ತೆಗೆದರು. "ಈ ಕಾಯಿಲೆ ಹಾಗೇ. ಉಣ್ಣೆಗೆ ಹುಳು ಬಿದ್ದ ಹಾಗೆ, ಅಲ್ಲೊಂದು ಇಲ್ಲೊಂದು ತೂತು. ಗಡಿಯಾರ ಉಳಿದಿರುತ್ತೆ, ವಿಳಾಸ ಹೋಗಿರುತ್ತೆ. ಮಗನಿಗೆ ಹೇಳಿಬಿಡು," ಎಂದರು. ಇಂಥ ಹೇಳಿಬಿಡುವ ಕೆಲಸಗಳೆಲ್ಲ ತುರ್ಸುನಾಯ್ ಪಾಲಿಗೇ ಬರುತ್ತಿದ್ದವು.

ಹಜಾರದಲ್ಲಿ ಹೇಳಿದಳು. ರಿಸ್ಬೆಕ್ ಗೋಡೆಗೆ ಒರಗಿಕೊಂಡ. ಒಳ್ಳೆಯ ಮನುಷ್ಯನೇ, ಅವಳನ್ನು ಎಜೆ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದ. ಆದರೆ ಒಂದು ತೀರ್ಮಾನಕ್ಕೆ ಬಂದರೆ ಅಲ್ಲಿಂದ ಎಳೆಯಲು ಎತ್ತು ಬೇಕು.

"ಹಾಗಾದ್ರೆ ಈ ವರ್ಷ ಅಮ್ಮ ಬೆಟ್ಟಕ್ಕೆ ಹೋಗೋದು ಬೇಡ," ಎಂದ.

ಬೇಸಿಗೆ ಬಂತೆಂದರೆ ಆ ಮನೆಯ ಕುದುರೆ, ಕುರಿಗಳು ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೋಗುತ್ತವೆ. ಹದಿನೆಂಟನೇ ವಯಸ್ಸಿಗೆ ಸೊಸೆಯಾಗಿ ಬಂದ ಉಲ್ಕಾನ್ ಆಪಾ ಒಂದು ಬೇಸಿಗೆಯನ್ನೂ ಕೆಳಗೆ ಕಳೆದವಳಲ್ಲ. ಹೆಣ್ಣುಕುದುರೆಗಳ ಹಾಲು ಕರೆದು ಚರ್ಮದ ಚೀಲದಲ್ಲಿ ಹುಳಿ ಹಾಕಿ ಕಡೆಯುವ ಕೆಲಸ ಅವಳದು. ಎರಡು ವರ್ಷದಿಂದ ಮೊಮ್ಮಗಳು ಅಕ್‌ಮೂರ್ ಕೂಡ ಅವಳ ಜೊತೆ. ಗಂಡಸರು ಮಂದೆಯ ಹಿಂದೆ ಹೋದರೆ ಸಂಜೆಯ ತನಕ ಗುಡಾರದಲ್ಲಿ ಅಜ್ಜಿ, ಐದು ವರ್ಷದ ಮೊಮ್ಮಗಳು ಇಬ್ಬರೇ. ಪಕ್ಕದಲ್ಲಿ ಹಿಮ ಕರಗಿ ಭೋರೆಂದು ಹರಿಯುವ ಹೊಳೆ, ಒಳಗೆ ಉರಿಯುವ ಒಲೆ.

"ಮಗು ಹೊಳೆಗೆ ಹೋಗಿದ್ದು ಮರೆತ್ರೆ? ಒಲೆ ಹಚ್ಚಿದ್ದು ಮರೆತ್ರೆ? ಇಲ್ಲ ಎಜೆ, ಆಗಲ್ಲ. ಅಮ್ಮನ್ನ ಇಲ್ಲೇ ನನ್ನ ತಂಗಿ ಮನೇಲಿ ಬಿಡ್ತೀನಿ. ನಾಲ್ಕನೇ ಮಹಡಿ. ಎಲ್ಲೂ ಹೋಗಕ್ಕಾಗಲ್ಲ."

"ನಾನೇನು ಬೆಕ್ಕಾ, ಮಹಡಿ ಮೇಲೆ ಕೂಡಿಹಾಕೋಕೆ?" ಎಂದಳು ಬೆಂಚಿನ ಮೇಲಿದ್ದ ಆಪಾ. ಆದರೆ ಆ ಮಾತಿನಲ್ಲಿ ಕಸುವಿರಲಿಲ್ಲ. ಮುಖ ಇನ್ನೂ ಕೆಂಪಗೇ ಇತ್ತು, ಕೈಗಳು ವಸ್ತ್ರದ ಅಂಚನ್ನು ಹಿಂಡುತ್ತಿದ್ದವು.

ರಿಸ್ಬೆಕ್ ಕಾರು ತರಲು ಕೆಳಗಿಳಿದ. ಮೀರಿಮ್ ಮಾತ್ರ ತುರ್ಸುನಾಯ್‌ಳ ತೋಳು ಹಿಡಿದು ಪಕ್ಕಕ್ಕೆ ಎಳೆದಳು. "ಎಜೆ, ಒಂದು ಮಾತು. ಒಳಗಿಂದ ನೀವೇನೋ ಒಂದು ಹೆಸರು ಕೂಗ್ತಿದ್ರಲ್ಲ, ಅದೇನಾ ಅತ್ತೆ ಹೇಳಬೇಕಾಗಿದ್ದು?"

"ಹೂಂ. ಎಸೆನ್‌ಕುಲ್ ಸಾದಿ..."

ಮೀರಿಮ್ ಅವಳ ಬಾಯಿಗೇ ಕೈ ಅಡ್ಡ ಹಿಡಿದಳು. "ಅಯ್ಯಯ್ಯೋ, ಮೆಲ್ಲಗೆ! ಅದು ನಮ್ಮ ದೊಡ್ಡ ಯಜಮಾನರ ಹೆಸರು ಎಜೆ. ಅತ್ತೆಗೆ ಮಾವ. ಸೊಸೆ ಆದವಳು ಆ ಹೆಸರನ್ನ ಬಾಯಲ್ಲಿ ಹೇಳೋದುಂಟಾ? ನಾಲಿಗೆ ಕುಯ್ದ್ರೂ ಅತ್ತೆ ಹೇಳಲ್ಲ. ನಮ್ಮೂರಲ್ಲಿ ಅದೇ ಹೆಸರಿನ ಒಬ್ಬ ಮೇಷ್ಟರಿದ್ದಾರೆ. ಅತ್ತೆ ಅವರನ್ನ ನಲವತ್ತು ವರ್ಷದಿಂದ 'ಏ ಕನ್ನಡಕ' ಅಂತಲೇ ಕರೆಯೋದು. ಅವರೀಗ ಕನ್ನಡಕ ಹಾಕೋದೂ ಬಿಟ್ಟಿದ್ದಾರೆ!"

ತುರ್ಸುನಾಯ್ ಹಣೆ ಹಣೆ ಚಚ್ಚಿಕೊಂಡಳು. ಈ ಪದ್ಧತಿ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅವಳ ಅಜ್ಜಿಯೂ ಗಂಡನ ಕಡೆಯ ಹಿರಿಯರೊಬ್ಬರ ಹೆಸರನ್ನೂ ಎತ್ತದೆ ಮಣ್ಣಿಗೆ ಹೋದವಳು. ಆದರೆ ತುರ್ಸುನಾಯ್ ಪಟ್ಟಣದಲ್ಲಿ ಹುಟ್ಟಿದವಳು, ರಷ್ಯನ್ ಶಾಲೆಯಲ್ಲಿ ಓದಿದವಳು. ಮಾವನನ್ನು ಹೆಸರು ಹಿಡಿದು ಬೈದು ಬಂದವಳಿಗೆ ಇದು ಹೇಗೆ ಹೊಳೆಯಬೇಕು? ವಿದೇಶದ ಪರೀಕ್ಷೆಯನ್ನು ಕಿರ್ಗಿಜ್ ಭಾಷೆಗೆ ತಂದವರು ಆರು ಜನ, ಆರೂ ಗಂಡಸರು. ವಿದೇಶಿ ಹೆಸರು ತೆಗೆದು ನಮ್ಮದೇ ಒಳ್ಳೆಯ ಹಳೆಯ ಹೆಸರು ಹಾಕೋಣವೆಂದು ಹಾಕಿದ್ದರು. ಬೀದಿಯಲ್ಲಿ ನಡೆಯುವ ಅರ್ಧ ಜನಕ್ಕೆ ಯಾವುದಾದರೊಂದು ಹೆಸರು ನಾಲಿಗೆಯ ಮೇಲೆ ಬರಬಾರದ್ದಾಗಿರುತ್ತದೆಂದು ಆರರಲ್ಲಿ ಒಬ್ಬರಿಗೂ ನೆನಪಾಗಿರಲಿಲ್ಲ. ಮರೆವಿನ ಪರೀಕ್ಷೆ ಮಾಡಬೇಕಾಗಿದ್ದದ್ದು ಅವರಿಗೆ.

ಎಮಿಲ್ ಒರ್ಮೊನೊವಿಚ್ ಮೊದಲು, "ಕಾಗದದಲ್ಲಿ ಇದ್ದದ್ದು ಇದ್ದ ಹಾಗೇ," ಎಂದರು. ಅವಳು ಬಾಗಿಲಿಗೆ ಅಡ್ಡ ನಿಂತಳು. "ನಿಮ್ಮ ತಾಯಿ ನಿಮ್ಮ ಅಜ್ಜನ ಹೆಸರು ಹೇಳ್ತಿದ್ರಾ?" ಎಂದು ಕೇಳಿದಳು. ಡಾಕ್ಟರ್ ಕೆಮ್ಮಿ, ವಿದೇಶದ ಕಚೇರಿಗೆ ಫೋನ್ ಹಚ್ಚಿದರು. ಅರ್ಧ ಗಂಟೆ ವಾದ. ಆ ಕಡೆಯವರು, "ಆಕೆಗೆ ಮಾತು ಬರುವುದಿಲ್ಲವೆ?" ಎಂದು ಕೇಳಿದರಂತೆ. "ಬರುತ್ತೆ, ಆದರೆ ಹೇಳಲ್ಲ." "ನೆನಪಿದೆಯೆ?" "ಇದೆ. ಇರೋದಕ್ಕೇ ಹೇಳಲ್ಲ." ಕೊನೆಗೆ, ಹೇಳಲಾಗದವರು ಬರೆದು ತೋರಿಸಬಹುದು ಎಂದು ಅಪ್ಪಣೆಯಾಯಿತು.

ತುರ್ಸುನಾಯ್ ಆಪಾಳನ್ನು ಒಳಗೆ ಕರೆದು, ಬಾಗಿಲು ಹಾಕಿ, ಚಹಾ ಕೊಟ್ಟಳು. ಪೆನ್ಸಿಲ್ ಮುಂದೆ ಹಿಡಿದಳು.

"ಹೇಳೋದು ಬೇಡ ಆಪಾ. ಹೆಸರಿರೋ ಕಡೆ ಬರೆದುಬಿಡಿ, ಮಿಕ್ಕಿದ್ದು ಬಾಯಲ್ಲಿ ಹೇಳಿ."

ಆಪಾ ಅವಳ ಮುಖ ನೋಡಿದಳು. ಸಿಕ್ಕಿಬಿದ್ದವಳ ನಾಚಿಕೆಯೂ ಬಿಡುಗಡೆಯ ಉಸಿರೂ ಒಟ್ಟಿಗೇ ಬಂದವು. ಪೆನ್ಸಿಲ್ ತೆಗೆದುಕೊಂಡು, ತೋಳಿನಿಂದ ಮರೆ ಮಾಡಿಕೊಂಡು, ಶಾಲೆಯ ದುಂಡು ಅಕ್ಷರದಲ್ಲಿ ಬರೆದಳು. ಬರೆದ ಮೇಲೆ ಹಾಳೆಯನ್ನು ನಾಲ್ಕು ಮಡಿಕೆ ಮಡಿಸಿ, ಹೆಸರು ಒಳಗಾಗುವಂತೆ ಒತ್ತಿ, ಎರಡೂ ಕೈಯಿಂದ ಕೊಟ್ಟಳು. ಆಮೇಲೆ ನಿರಾಳವಾಗಿ, "ಬುಲಾಕ್ ಬೀದಿ, ನಲವತ್ತೆರಡು, ತಲಾಸ್," ಎಂದಳು.

"ಅಷ್ಟು ಒಳ್ಳೆಯವರಾಗಿದ್ರಾ ಅವರು?" ಎಂದು ತುರ್ಸುನಾಯ್ ಕೇಳಿದಳು. ಇದು ಪರೀಕ್ಷೆಯ ಪ್ರಶ್ನೆಯಲ್ಲ.

"ಒಳ್ಳೆಯವರಾ? ಮಹಾ ಕೋಪಿಷ್ಠ! ಚಹಾ ಆರಿದ್ರೆ ಬಟ್ಟಲು ಎಸೀತಿದ್ರು. ಆದ್ರೆ ನಾನು ಆ ಮನೆಗೆ ಬಂದ ದಿನ ಎಲ್ಲರ ಮುಂದೆ ನನಗೆ ಒಂದು ಬಿಳಿ ಹೆಣ್ಣುಕುದುರೆ ಕೊಟ್ರು. 'ಇದು ನಿನ್ನದು, ನನ್ನ ಮಗನದ್ದಲ್ಲ' ಅಂದ್ರು. ಈಗಿರೋ ಕುದುರೆಗಳೆಲ್ಲ ಅದರ ಸಂತಾನ. ಅಂಥವರ ಹೆಸರು ಹಿಡಿದು ಬೀದಿಬೀದಿ ಕೂಗ್ತಾರಾ, ನಿನ್ನ ಹಾಗೆ?"

ಹತ್ತು ನಿಮಿಷ ಬಿಟ್ಟು ಕೇಳಿದಾಗಲೂ ಎಲ್ಲ ಸರಿ. ಇಪ್ಪತ್ತೆಂಟು ಅಂಕ. ರಿಸ್ಬೆಕ್‌ನನ್ನು ಮೇಲಕ್ಕೆ ಕರೆಸಿ ತುರ್ಸುನಾಯ್ ತಾನೇ ನಿಂತು ಹೇಳಿದಳು: "ನಿಮ್ಮ ಅಮ್ಮನ ತಲೆ ನಿಮ್ಮದಕ್ಕಿಂತ ನೆಟ್ಟಗಿದೆ. ಧೈರ್ಯವಾಗಿ ಕರ್ಕೊಂಡು ಹೋಗಿ. ಮಾತು ನಂದು." ಅವತ್ತು ಅವಳು ಮನೆಗೆ ನಡೆದೇ ಹೋದಳು. ಕಾಲು ನೋಯಲಿಲ್ಲ. ಎರಡು ವರ್ಷದಲ್ಲಿ ಯಾರಿಗಾದರೂ ಏನಾದರೂ ಮರಳಿ ಕೊಟ್ಟದ್ದು ಅದೊಂದೇ ಸಲ ಎಂದು ಅವಳಿಗೆ ಅನಿಸಿತು.

ಆಮೇಲೆ ಒಂದು ವರ್ಷ ಕಳೆಯಿತು. ಹೇಗೆ ಕಳೆಯಿತೆಂದು ಕೇಳಿದರೆ ತುರ್ಸುನಾಯ್ ಹೇಳಲಾರಳು. ಇವತ್ತು ಯಾವ ವಾರ, ಇದು ಯಾವ ತಿಂಗಳು. ಒಬ್ಬ ಮೇಷ್ಟರು ಗಡಿಯಾರದ ಬದಲು ಮೊಟ್ಟೆ ಬರೆದು ಅತ್ತರು. ಜೊತೆಯ ನರ್ಸ್ ಒಬ್ಬಳು ಕೆಲಸ ಬಿಟ್ಟಳು, ಅವಳ ಪಾಲಿನವರೂ ತುರ್ಸುನಾಯ್ ಮೇಜಿಗೇ ಬಂದರು. ಚಳಿಗಾಲದಲ್ಲಿ ಆಪಾ ಪರೀಕ್ಷೆಗೆ ಬರಲಾಗಲಿಲ್ಲ. ಕಣಿವೆಯ ದಾರಿ ಹಿಮದಲ್ಲಿ ಮುಚ್ಚಿತ್ತು, ಮಾತ್ರೆಗಳನ್ನು ಮಾತ್ರ ಮಗ ಬಂದು ಒಯ್ದಿದ್ದ. ಮತ್ತೆ ಮೇ ತಿಂಗಳು ಬಂದು, ಮತ್ತೆ ಪಾಪ್ಲರ್ ಹತ್ತಿ ಹಾರಿ, ಮತ್ತೆ ಸೀನು ಶುರುವಾಯಿತು.

ಉಲ್ಕಾನ್ ಆಪಾ ಒಳಗೆ ಬಂದಾಗ ತುರ್ಸುನಾಯ್ ಎದ್ದು ನಿಂತಳು. ಬೇರೆ ಯಾರಿಗೂ ಎದ್ದು ನಿಲ್ಲುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಆಪಾ ಸ್ವಲ್ಪ ಇಳಿದಿದ್ದಳು, ತಲೆಯ ವಸ್ತ್ರ ಒಂದು ಕಡೆಗೆ ಸರಿದಿತ್ತು. ಒಣಮೊಸರಿನ ಉಂಡೆಗಳನ್ನು ಮೇಜಿನ ಮೇಲೆ ಸುರಿದಳು. ನಗು ಅದೇ ನಗು.

"ಕೂತ್ಕೋ ಮಗಳೇ. ಬೇಗ ಮುಗಿಸು. ಮುಂದಿನ ವಾರ ಮೇಲೆ ಹೋಗ್ಬೇಕು, ಕುದುರೆಗಳು ಈಯ್ತಿವೆ."

ಯಂತ್ರ ಆರಿಸಿ ಕೊಟ್ಟ ಹಾಳೆ ನೋಡಿದರೆ ಅದೇ ಹಾಳೆ. ಎಸೆನ್‌ಕುಲ್. ಪರವಾಗಿಲ್ಲ, ಅಪ್ಪಣೆ ಇದೆ. ತುರ್ಸುನಾಯ್ ಪೆನ್ಸಿಲನ್ನು ಚೂಪು ಮಾಡಿ, ಒಂದು ಖಾಲಿ ಹಾಳೆಯ ಜೊತೆ ಪಕ್ಕದಲ್ಲಿಟ್ಟುಕೊಂಡಳು.

ಇವತ್ತು ಯಾವ ವಾರ ಎಂದರೆ ಆಪಾ ಸಂತೆಯ ದಿನ ಎಂದಳು. ಅವರೂರ ಸಂತೆ ಭಾನುವಾರ, ಅವತ್ತು ಮಂಗಳವಾರವಾಗಿತ್ತು. ತಿಂಗಳು ಏಪ್ರಿಲ್ ಎಂದಳು. ದಾರಿಯ ಆಯಾಸವಿರಬೇಕು ಎಂದುಕೊಂಡಳು ತುರ್ಸುನಾಯ್. ಆರು ಗಂಟೆಯ ಪ್ರಯಾಣ. ಕಳೆಯುವ ಲೆಕ್ಕ ಸರಿಯಾಯಿತು. ಗಡಿಯಾರ ಬರೆಯುವಾಗ ಅಂಕಿಗಳೆಲ್ಲ ಬಲಗಡೆಗೆ ಗುಂಪುಗೂಡಿ, ಎಡಗಡೆ ಬೋಳಾಗಿ ಉಳಿಯಿತು. ಮುಳ್ಳು ಹಾಕಲಿಲ್ಲ. "ಮುಳ್ಳು ಯಾಕೆ? ಹೊತ್ತು ಎಷ್ಟಾಯ್ತು ಅಂತ ಹೊರಗೆ ನೋಡಿದ್ರೆ ಗೊತ್ತಾಗುತ್ತೆ," ಎಂದಳು. ತುರ್ಸುನಾಯ್‌ಗೆ ನಗು ಬಂತು, ಆದರೆ ಆ ನಗು ಅರ್ಧಕ್ಕೇ ನಿಂತಿತು. ಐದು ಅಂಕ ಹೋಗಿದ್ದವು. ವಿಳಾಸದಲ್ಲಿ ಎರಡು ತಪ್ಪಿದರೆ ಇಪ್ಪತ್ತಮೂರು.

ಪೆನ್ಸಿಲನ್ನು ಮುಂದೆ ಚಾಚಿದಳು. "ಕಳೆದ ಸಲದ ಹಾಗೇ ಆಪಾ. ಹೆಸರು ಬರೆದುಬಿಡಿ, ಹೇಳೋದು ಬೇಡ." ಆಮೇಲೆ ಮೆಲ್ಲನೆ, ಮುಕ್ಕಾಲು ಪಿಸುಮಾತಿನಲ್ಲಿ, ಆ ಹೆಸರನ್ನೂ ವಿಳಾಸವನ್ನೂ ಓದಿದಳು.

ಆಪಾ ಪೆನ್ಸಿಲ್ ಕಡೆ ನೋಡಲೇ ಇಲ್ಲ.

"ಎಸೆನ್‌ಕುಲ್ ಸಾದಿಕೊವ್, ಬುಲಾಕ್ ಬೀದಿ, ನಲವತ್ತೆರಡು, ತಲಾಸ್," ಎಂದಳು. ಗಟ್ಟಿಯಾಗಿ, ಒಂದೇ ಉಸಿರಿಗೆ, ಪಾಠ ಒಪ್ಪಿಸುವ ಹುಡುಗಿಯ ಹಾಗೆ. ಹೇಳಿ ಬೀಗಿದಳು. "ಸರೀನಾ?"

ಚಾಚಿದ ಪೆನ್ಸಿಲ್ ತುರ್ಸುನಾಯ್‌ಳ ಕೈಯಲ್ಲೇ ಉಳಿಯಿತು. ಐದಕ್ಕೆ ಐದು. ಬರೆಯಬೇಕಾದ ಕೈ ಬರೆಯಿತು. ಹತ್ತು ನಿಮಿಷ ಸುಮ್ಮನೆ ಕಾಯಬೇಕಿತ್ತು. ಅವಳು ಉಂಡೆಯೊಂದನ್ನು ಬಾಯಿಗಿಟ್ಟುಕೊಂಡಳು, ರುಚಿ ಗೊತ್ತಾಗಲಿಲ್ಲ. ಕಾಲ ಬದಲಾಯಿತು, ಹೆಂಗಸರು ಈಗ ಎಲ್ಲ ಹೆಸರನ್ನೂ ಹೇಳುತ್ತಾರೆ, ಆಪಾಳೂ ಬಿಟ್ಟಿರಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹತ್ತು ನಿಮಿಷದ ಮೇಲೆ ಕೇಳಿದಾಗ ಆಪಾ ಮತ್ತೆ ಅಷ್ಟೇ ಸಲೀಸಾಗಿ ಹೇಳಿದಳು. ಹತ್ತಕ್ಕೆ ಹತ್ತು. ಒಟ್ಟು ಇಪ್ಪತ್ತೈದು. ಆ ಒಂದು ಹೆಸರಿಂದ ಬಂದ ಎರಡು ಅಂಕ ಆಪಾಳನ್ನು ಗೆರೆಯ ಮೇಲಕ್ಕೆ ಎತ್ತಿ ನಿಲ್ಲಿಸಿದ್ದವು.

ಹಾಳೆ ಮಗುಚಿಟ್ಟು ತುರ್ಸುನಾಯ್ ಕೇಳಿದಳು: "ಆಪಾ, ಈ ಎಸೆನ್‌ಕುಲ್ ಅಂದ್ರೆ ಯಾರು?"

"ನನಗೇನು ಗೊತ್ತಮ್ಮ? ನಿನ್ನ ಕಾಗದದವನು. ಬುಲಾಕ್ ಬೀದಿಯವನಂತೆ."

"ನಿಮಗೆ ಬಿಳಿ ಕುದುರೆ ಕೊಟ್ಟಿದ್ದು ಯಾರು?"

ಆಪಾಳ ಮುಖ ಅರಳಿತು. "ನಮ್ಮ ಮಾವ! ಎಲ್ಲರ ಮುಂದೆ ಕೊಟ್ರು. ಇದು ನಿನ್ನದು ಅಂದ್ರು."

"ಅವರ ಹೆಸರೇನು?"

"ಥೂ, ಎಂಥ ಹುಡುಗಿ ನೀನು!" ಆಪಾ ವಸ್ತ್ರದ ಅಂಚು ಎಳೆದು ಬಾಯಿಗೆ ಹಿಡಿದಳು. ಹೋದ ವರ್ಷದ ಹಾಗೇ ಕೆನ್ನೆ ಕೆಂಪಾಯಿತು. "ಮಾವನ ಹೆಸರು ಸೊಸೆ ಹೇಳ್ತಾಳಾ?"

"ಹೇಳಬೇಡಿ. ಬರೀರಿ."

ಆಪಾ ಈಗ ಪೆನ್ಸಿಲ್ ತೆಗೆದುಕೊಂಡಳು. ಹಾಳೆಯನ್ನು ಎಳೆದುಕೊಂಡು ತೋಳಿನಿಂದ ಮರೆ ಮಾಡಿದಳು. ಪೆನ್ಸಿಲಿನ ಮೊನೆ ಹಾಳೆಯಿಂದ ಒಂದು ಬೆರಳು ಮೇಲೆ ನಿಂತಿತು. ನಿಂತೇ ಇತ್ತು. ಆಪಾಳ ತುಟಿ ಅಲುಗಿತು, ಹುಬ್ಬು ಗಂಟಾಯಿತು. ಮನೆಯಲ್ಲಿಟ್ಟ ಬೀಗದಕೈಯನ್ನು ಜೇಬಿನಲ್ಲಿ ಹುಡುಕುವವಳಂತೆ ಅತ್ತ ಇತ್ತ ನೋಡಿದಳು. ಕಿಟಕಿಯಿಂದ ಹತ್ತಿಯ ಎಳೆಯೊಂದು ಬಂದು ಹಾಳೆಯ ಮೇಲೆ ಕೂತಿತು. ಅದನ್ನು ಊದಿದಳು. ಆಮೇಲೆ ಪೆನ್ಸಿಲನ್ನು ಕೆಳಗಿಟ್ಟು, ಹಾಳೆಯನ್ನು ನಾಲ್ಕು ಮಡಿಕೆ ಮಡಿಸಿ, ಒಳಗಿನದು ಕಾಣದಂತೆ ಚೆನ್ನಾಗಿ ಒತ್ತಿ, ಎರಡೂ ಕೈಯಿಂದ ಕೊಟ್ಟಳು.

"ತಗೋ. ಯಾರಿಗೂ ತೋರಿಸಬೇಡ," ಎಂದಳು.

ತುರ್ಸುನಾಯ್ ತೆಗೆದುಕೊಂಡಳು. ಬಿಚ್ಚಿ ನೋಡಬೇಕಾಗಿರಲಿಲ್ಲ. ಮೂರು ವರ್ಷದಿಂದ ಮುಖದಲ್ಲಿ ಏನೂ ತೋರಿಸದೆ ಇರುವುದನ್ನು ಕಲಿತವಳು ಮುಖ ತಿರುಗಿಸಿ, ಸೀನು ಬಂದವಳ ಹಾಗೆ ಮೂಗಿಗೆ ಕರವಸ್ತ್ರ ಹಿಡಿದಳು. ಅಳು ಬಂದಿತ್ತು. ಮರ್ಯಾದೆ ಹಾಗೇ ಉಳಿದಿತ್ತು, ಯಾರಿಗಾಗಿ ಅದು ಎಂಬುದು ಅಳಿಸಿಹೋಗಿತ್ತು.

ಎಮಿಲ್ ಒರ್ಮೊನೊವಿಚ್ ಹಾಳೆ ತಿರುವಿ ಹಾಕಿದರು. "ಇಪ್ಪತ್ತೈದು. ಸಾಕು ಬಿಡು. ಈ ಸಲ ಪೆನ್ಸಿಲ್ ತಂಟೆಯೂ ಇಲ್ಲ, ಒಳ್ಳೆದಾಯ್ತು. ಆಕೆಗೆ ಅಸಲಿ ಮಾತ್ರೆ ಹೋಗ್ತಿರಬೇಕು."

"ಆಕೆ ಹೆಸರು ಹೇಳಿದ್ಲು ಡಾಕ್ಟ್ರೇ."

"ಹೂಂ, ಅದಕ್ಕೇ ಅಂಕ ಬಂದಿದೆಯಲ್ಲ."

"ಹೇಳಿದ್ಲು ಅನ್ನೋದೇ ಕಾಯಿಲೆ!"

ಡಾಕ್ಟರಿಗೆ ಅರ್ಥವಾಗಲಿಲ್ಲವೆಂದಲ್ಲ. ಅವರ ತಾಯಿಯೂ ಸೊಸೆಯೇ ಆಗಿದ್ದವಳು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಇದನ್ನ ಯಾವ ಕಾಲಮ್ಮಿನಲ್ಲಿ ಬರೀಲಿ ತುರ್ಸುನಾಯ್? ಮಾವನ ಹೆಸರು ಹೇಳಿದ್ದರಿಂದ ಎರಡು ಅಂಕ ಕಳೆದಿದೆ ಅಂತಲಾ? ಅವರು ನನ್ನ ತಲೆ ಪರೀಕ್ಷೆ ಮಾಡಿಸ್ತಾರೆ. ಕಾಗದದಲ್ಲಿ ಇಪ್ಪತ್ತೈದೇ ಇರಲಿ." ಹಾಳೆಯನ್ನು ಕಡತಕ್ಕೆ ಸೇರಿಸುತ್ತಾ ಹೇಳಿದರು: "ಮನೆಯವರಿಗೆ ಹೇಳೋದು ಬೇರೆ ಮಾತು. ಅದು ನಿನಗೆ ಬಿಟ್ಟಿದ್ದು."

ಅದೂ ಅವಳಿಗೇ ಬಿಟ್ಟದ್ದು. ಹಜಾರ ಅಷ್ಟು ಉದ್ದವಿದೆಯೆಂದು ತುರ್ಸುನಾಯ್‌ಗೆ ಹಿಂದೆಂದೂ ಅನಿಸಿರಲಿಲ್ಲ. ಕಾಗದ ಚೆನ್ನಾಗಿದೆ. ಸುಮ್ಮನಿದ್ದುಬಿಟ್ಟರೆ ಯಾರೂ ಏನೂ ಕೇಳುವುದಿಲ್ಲ. ಆಪಾ ತನ್ನ ಕುದುರೆಗಳ ಹತ್ತಿರ ಹೋಗುತ್ತಾಳೆ. ಜೊತೆಗೆ, ಈಗ ಆರು ವರ್ಷವಾದ ಆ ಮಗುವೂ ಹೋಗುತ್ತದೆ. ಹೊಳೆಯ ಪಕ್ಕಕ್ಕೆ.

ರಿಸ್ಬೆಕ್ ಎದ್ದು ನಿಂತ. "ಎಷ್ಟು ಬಂತು ಎಜೆ?"

"ಇಪ್ಪತ್ತೈದು."

"ನೋಡಿದ್ಯಾ?" ಎಂದ ಹೆಂಡತಿಗೆ. "ಇವಳು ಎಜೆ, ಚಳಿಗಾಲದಿಂದ ಒಂದೇ ರಾಗ. ಅತ್ತೆ ಉಪ್ಪು ಎರಡು ಸಲ ಹಾಕ್ತಾರೆ, ಅತ್ತೆ ಬಾಗಿಲು ಮರೀತಾರೆ ಅಂತ. ನಾನು ಹೇಳ್ದೆ, ಪರೀಕ್ಷೆ ಆಗಲಿ, ಎಜೆ ಏನು ಹೇಳ್ತಾರೋ ಅದೇ ಮಾತು. ಹೋದ ವರ್ಷ ಅವರೇ ಅಲ್ವಾ ಅಮ್ಮನ್ನ ಉಳಿಸಿದ್ದು."

"ನಾನು ಒಂದೂ ಬಿಡದೆ ಹೇಳ್ದೆ ಕಣೋ," ಎಂದಳು ಆಪಾ ಬೆಂಚಿನಿಂದ. ಹಿಗ್ಗು ತಡೆಯಲಾರದೆ ಎಲ್ಲರಿಗೂ ಕೇಳುವ ಹಾಗೆ ಮತ್ತೆ ಒಪ್ಪಿಸಿದಳು: "ಎಸೆನ್‌ಕುಲ್ ಸಾದಿಕೊವ್, ಬುಲಾಕ್ ಬೀದಿ, ನಲವತ್ತೆರಡು, ತಲಾಸ್!"

ರಿಸ್ಬೆಕ್ ನಕ್ಕ. "ಅಬ್ಬಾ! ತಾತನ ಹೆಸರೇ ಇಟ್ಟಿದ್ದಾರೆ ನೋಡು." ಅವನಿಗೇನು, ಮೊಮ್ಮಗ. ಏಳು ತಲೆಮಾರಿನ ಹೆಸರನ್ನು ಎದೆ ಉಬ್ಬಿಸಿ ಹೇಳಿ ಬೆಳೆದವನು. ಆ ಹೆಸರು ತಾಯಿಯ ಬಾಯಿಂದ ಬಂದದ್ದು ಇದೇ ಮೊದಲು ಎಂಬುದು ಅವನ ಲಕ್ಷ್ಯಕ್ಕೇ ಬರಲಿಲ್ಲ.

ಮೀರಿಮ್‌ಳ ಕೈಯಲ್ಲಿದ್ದ ಚೀಲ ಜಾರಿ ಕೆಳಗೆ ಬಿತ್ತು. ಅವಳು ಅತ್ತೆಯನ್ನು ನೋಡಲಿಲ್ಲ, ಗಂಡನನ್ನೂ ನೋಡಲಿಲ್ಲ. ತುರ್ಸುನಾಯ್‌ಳನ್ನು ನೋಡಿದಳು. ತುರ್ಸುನಾಯ್ ಮಡಿಸಿದ ಹಾಳೆಯನ್ನು ಅವಳ ಕೈಗಿಟ್ಟಳು.

"ದೊಡ್ಡ ಯಜಮಾನರ ಹೆಸರು ಬರೀರಿ ಅಂದೆ," ಎಂದಳು. "ಬರೆದು ಕೊಟ್ಟಿದ್ದಾರೆ."

ಮೀರಿಮ್ ಬಿಚ್ಚಿದಳು. ಒಂದು ಕಡೆ ನೋಡಿ, ತಿರುಗಿಸಿ ಇನ್ನೊಂದು ಕಡೆ ನೋಡಿದಳು. ಮತ್ತೆ ಅದೇ ಮಡಿಕೆಗಳ ಮೇಲೆ ಮಡಿಸಿ ಎದೆಯ ಒಳಗಿಟ್ಟುಕೊಂಡಳು.

"ಏನದು? ಖಾಲಿ ಹಾಳೆ?" ಎಂದ ರಿಸ್ಬೆಕ್.

"ರಿಸ್ಬೆಕ್," ಎಂದಳು ತುರ್ಸುನಾಯ್, "ಹೋದ ವರ್ಷ ಮಾತು ನಂದು ಅಂದಿದ್ದೆ. ಈ ವರ್ಷವೂ ನಂದೇ. ಕಾಗದ ನೋಡಬೇಡಿ. ಅಮ್ಮನ ಕೈಗೆ ಮಗುವನ್ನ ಬಿಡಬೇಡಿ."

"ಇಪ್ಪತ್ತೈದು ಅಂದ್ರಲ್ಲ!"

"ಅಂದೆ. ಯಾಕೆ ಅಂತ ನಿಮ್ಮ ಹೆಂಡತಿ ದಾರೀಲಿ ಹೇಳ್ತಾಳೆ. ಗಂಡಸರಿಗೆ ಹೇಳೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ."

ಅವನು ಬಗ್ಗಿ, ಹೆಂಡತಿಯ ಕೈಯಿಂದ ಬಿದ್ದಿದ್ದ ಚೀಲವನ್ನು ಎತ್ತಿಕೊಂಡ. ಮೀರಿಮ್ ಅತ್ತೆಯ ಮುಂದೆ ಮೊಣಕಾಲೂರಿ ಕೂತು, ಸರಿದಿದ್ದ ತಲೆಯ ವಸ್ತ್ರವನ್ನು ಬಿಚ್ಚಿ ನೆಟ್ಟಗೆ ಕಟ್ಟತೊಡಗಿದಳು.

"ಈ ವರ್ಷ ನಾನೂ ಮೇಲೆ ಬರ್ತೀನಿ ಅತ್ತೆ. ಹಾಲು ಕರೆಯೋದು ಕಲಿಸಿಕೊಡಿ."

"ನೀನಾ? ಕುದುರೆ ಒದ್ರೆ ಕಣಿವೆಗೆ ಬೀಳ್ತೀಯ," ಎಂದು ಆಪಾ ನಕ್ಕಳು. ಆಮೇಲೆ ಮೂವರ ಮುಖವನ್ನೂ ಒಂದೊಂದಾಗಿ ನೋಡಿದಳು. ನಗು ಸ್ವಲ್ಪ ಸ್ವಲ್ಪವಾಗಿ ಇಳಿಯಿತು. "ಯಾಕೆ ಎಲ್ಲ ಹೀಗಿದ್ದೀರಿ? ನಾನು ಸರಿಯಾಗಿ ಹೇಳಿದೆನಲ್ಲ? ಒಂದೂ ತಪ್ಪಿಲ್ಲ ತಾನೇ, ಮಗಳೇ?"

"ಒಂದೂ ತಪ್ಪಿಲ್ಲ ಆಪಾ," ಎಂದಳು ತುರ್ಸುನಾಯ್.

ಬೆಂಚಿನ ಆ ತುದಿಯಲ್ಲಿ ಇನ್ನೂ ನಾಲ್ಕು ಜನ ಕಾಯುತ್ತಿದ್ದರು. ಅವಳು ಮುಂದಿನವರ ಹೆಸರು ಕೂಗಿದಳು.